ತಣ್ಣನೆ ಗಾಳಿಯ ಡಬ್ಬ

ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಹತ್ತಿರಹತ್ತಿರ 11 ಕಿಲೋ ಗಾಳಿ ಬೇಕು. ತೂಕ ಬಿಟ್ಟು ಗಾತ್ರದಲ್ಲಿ ಹೇಳುವುದಾದರೆ ಸುಮಾರು 9,000 ಲೀಟರ್. ಬಂಕಿನಲ್ಲಿ ನಾವು ದುಡ್ಡು ಕೊಡುವುದು ಪೆಟ್ರೋಲಿಗೆ ಮಾತ್ರ, ಗಾಳಿ ಪುಕ್ಕಟೆ. ಅದಕ್ಕೋ ಏನೋ, ಎಂಜಿನ್ನಿಗೆ ಗಾಳಿ ಎಲ್ಲಿಂದ ಬರುತ್ತದೆ, ಯಾವ ದಾರಿ ಹಿಡಿದು ಬರುತ್ತದೆ, ಬರುವಾಗ ಎಷ್ಟು ಬಿಸಿ ಇರುತ್ತದೆ ಎಂದು ಗಾಡಿ ಓಡಿಸುವವರಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ.

ಅಮೆರಿಕದ ಪಿಕಪ್ ಟ್ರಕ್ ಮಾಲೀಕರು ಕೇಳುತ್ತಾರೆ. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಹಿಂದುಗಡೆ ಸಾಮಾನು ಹೇರುವ ಬಾಡಿ ಕೂರಿಸಿ ಮಾರಲು ಶುರುಮಾಡಿತು. ಈಗ ಅಲ್ಲಿ ಪಿಕಪ್ ಎಂದರೆ ಮನೆಯ ಗಾಡಿಯೂ ಹೌದು, ದುಡಿಮೆಯ ಗಾಡಿಯೂ ಹೌದು. ಮನೆಯ ಗ್ಯಾರೇಜಿನಲ್ಲೇ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಿಕೊಳ್ಳುವವರಿಗೂ ಅಲ್ಲಿ ಕೊರತೆ ಇಲ್ಲ. ಅಂಥವರು ಮೊದಮೊದಲು ಕೈಹಾಕುವ ಮಾರ್ಪಾಡುಗಳಲ್ಲಿ ಒಂದು ಕೋಲ್ಡ್ ಏರ್ ಇಂಟೇಕ್. ಕಂಪನಿ ಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬ, ಅದರೊಳಗಿನ ಕಾಗದದ ಫಿಲ್ಟರು, ಸುಕ್ಕುಸುಕ್ಕಾದ ರಬ್ಬರ್ ಹೋಸು, ಇವಿಷ್ಟನ್ನೂ ಕಳಚಿ ಅಗಲವಾದ ನುಣುಪು ಪೈಪು ಹಾಕುತ್ತಾರೆ. ಪೈಪಿನ ತುದಿಗೆ ಶಂಕುವಿನಾಕಾರದ ಫಿಲ್ಟರು. ಸಿದ್ಧ ಕಿಟ್ ಬೇಕೆಂದರೆ ಕೆಲವು ನೂರು ಡಾಲರ್ ಕೊಡಬೇಕು. ಕೈಯಲ್ಲಿ ಕಸುಬಿರುವವರು ಅಲ್ಯೂಮಿನಿಯಂ ಪೈಪು, ಸಿಲಿಕೋನ್ ಹೋಸು ತಂದು ತಮ್ಮ ಗಾಡಿಯ ಅಳತೆಗೆ ತಾವೇ ಮಾಡಿಕೊಳ್ಳುತ್ತಾರೆ. ಇದರ ವಿಡಿಯೊಗಳನ್ನು ನೋಡಿ ಈಗ ನಮ್ಮಲ್ಲಿಯೂ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗಿ ಇದನ್ನೇ ವಿಚಾರಿಸುತ್ತಾರೆ.

ಈ ಕೆಲಸದಲ್ಲಿ ಎಲ್ಲರ ಕಣ್ಣೂ ಹೊಳೆಯುವ ಪೈಪಿನ ಮೇಲೆ. ನಿಜವಾಗಿ ಫಲ ಕೊಡುವುದು ಫಿಲ್ಟರಿನ ಸುತ್ತ ಕಟ್ಟುವ ಡಬ್ಬ. ಅದು ಸರಿಯಿಲ್ಲದಿದ್ದರೆ ಪೈಪು ಎಷ್ಟು ಚೆನ್ನಾಗಿದ್ದರೂ ಖರ್ಚು ದಂಡ.

ಗಾಳಿ ಬಿಸಿಯಾದಷ್ಟೂ ಹಿಗ್ಗುತ್ತದೆ. ಹಿಗ್ಗಿದ ಗಾಳಿಯ ಒಂದು ಲೀಟರಿನಲ್ಲಿ ಆಮ್ಲಜನಕ ಕಡಿಮೆ. ಸಿಲಿಂಡರು ಹಿಗ್ಗುವುದಿಲ್ಲವಲ್ಲ, ಅದು ಪ್ರತಿ ಸಲವೂ ಅಷ್ಟೇ ಗಾತ್ರದ ಗಾಳಿ ಎಳೆದುಕೊಳ್ಳುತ್ತದೆ. ಬಾನೆಟ್ ಅಡಿಯ 60 ಡಿಗ್ರಿ ಗಾಳಿಯ ಬದಲು ಹೊರಗಿನ 35 ಡಿಗ್ರಿ ಗಾಳಿ ಸಿಕ್ಕಿತು ಅಂದುಕೊಳ್ಳಿ. ಅದೇ ಗಾತ್ರದಲ್ಲಿ ಸುಮಾರು 8% ಹೆಚ್ಚು ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ಅನುಕೂಲವೂ ಉಂಟು. ಒಳಬರುವ ಗಾಳಿ ಬಿಸಿಯಾದರೆ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಭಯದಿಂದ ಎಂಜಿನ್ನಿನ ಕಂಪ್ಯೂಟರು ಕಿಡಿ ಹಾರಿಸುವುದನ್ನು ತುಸು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ. ಗಾಳಿ ತಣ್ಣಗಿದ್ದರೆ ಹಾಗೆ ತಡಮಾಡುವ ಪ್ರಮೇಯ ಬರುವುದಿಲ್ಲ.

ಆದರೆ ಈ ಲಾಭ ಸಿಗುವುದು ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ. ಉಳಿದ ಹೊತ್ತಿನಲ್ಲಿ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಕವಾಟ ಅರೆತೆರೆದಿರುತ್ತದೆ, ಅಂದರೆ ಗಾಳಿಯನ್ನು ನಾವೇ ಬೇಕೆಂದು ತಡೆದಿರುತ್ತೇವೆ. ಹಾಗಿರುವಾಗ ಗಾಳಿಯ ದಾರಿ ಸಲೀಸಾದರೂ ಮೈಲೇಜ್ ಏರುವುದಿಲ್ಲ. ಅಮೆರಿಕದ ಟೆನ್ನೆಸ್ಸಿ ರಾಜ್ಯದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದಕ್ಕೆ ಹತ್ತಿರದ ಪರೀಕ್ಷೆಯೊಂದನ್ನು ನಡೆಸಿತು. ಕಟ್ಟಿಕೊಂಡ ಫಿಲ್ಟರು ಹಾಕಿ ಓಡಿಸಿದರೂ ಇಂದಿನ ಇಂಜೆಕ್ಷನ್ ಗಾಡಿಗಳ ಮೈಲೇಜ್ ಕುಸಿಯಲಿಲ್ಲ. ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಕಟ್ಟಿದ ಫಿಲ್ಟರಿನ ಕತೆಯೇ ಹೀಗಿರುವಾಗ, ಚೆನ್ನಾಗಿರುವ ಫಿಲ್ಟರನ್ನು ಕಿತ್ತು ಬೇರೆಯದು ಹಾಕಿದರೆ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಓಡುತ್ತದೆ ಎಂದು ಹೇಳುವ ಮಾರಾಟಗಾರನ ಮಾತನ್ನು ನಂಬಬೇಕಿಲ್ಲ.

ಅಂದಹಾಗೆ, ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 10% ಕಡಿಮೆ. ಮಂಗಳೂರಿನಿಂದ ಘಾಟಿ ಹತ್ತಿ ಬರುವ, ಟರ್ಬೊ ಇಲ್ಲದ ಎಂಜಿನ್ನು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ ಈ ಪೈಪುಗಳಿಂದ ಗಳಿಸಬಹುದಾದದ್ದಕ್ಕಿಂತ ಹೆಚ್ಚು. 1,600 ಮೀಟರ್ ಎತ್ತರದ ಡೆನ್ವರ್ ನಗರದ ಪಿಕಪ್ಪುಗಳಿಗಂತೂ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಖೋತಾ.

ಕಂಪನಿಯ ಡಬ್ಬವನ್ನು ಹೀಗಳೆಯುವವರು ಒಮ್ಮೆ ಅದನ್ನು ಬಿಚ್ಚಿ ನೋಡಬೇಕು. ಇತ್ತೀಚಿನ ಹೆಚ್ಚಿನ ಪಿಕಪ್‌ಗಳಲ್ಲಿ ಆ ಡಬ್ಬದ ಮೂತಿ ಮಡ್‌ಗಾರ್ಡಿನ ಒಳಗೋ ಗ್ರಿಲ್ಲಿನ ಹಿಂದೆಯೋ ತೆರೆದುಕೊಳ್ಳುತ್ತದೆ. ಎಂದರೆ ಅದು ಹೊರಗಿನ ತಂಪು ಗಾಳಿಯನ್ನೇ ಎಳೆಯುತ್ತಿದೆ. ಹೋಸಿಗೆ ಅಂಟಿಕೊಂಡ ಖಾಲಿ ಗೂಡುಗಳು ಕೆಲಸಕ್ಕೆ ಬಾರದವು ಎಂದು ಕಾಣಬಹುದು, ಆದರೆ ಅವನ್ನು ಇಟ್ಟಿರುವುದು ಎಂಜಿನ್ನು ಗಾಳಿ ಎಳೆಯುವ ಗುಡುಗನ್ನು ಅಡಗಿಸಲಿಕ್ಕೆ. ಅವನ್ನು ತೆಗೆದ ಕೂಡಲೇ ಗಾಡಿ ಗುಟುರು ಹಾಕುತ್ತದೆ, ಓಡಿಸುವವನಿಗೆ ಶಕ್ತಿ ಹೆಚ್ಚಿತೆಂದು ಅನಿಸುತ್ತದೆ. ಆ ಸದ್ದಿಗೆ ಮನಸೋಲುವುದು ತಪ್ಪೇನೂ ಅಲ್ಲ. ಸದ್ದನ್ನು ಶಕ್ತಿ ಎಂದು ಮಾರುವುದು ತಪ್ಪು. ಬಹಳಷ್ಟು ಅಗ್ಗದ ಕಿಟ್‌ಗಳು ಇನ್ನೊಂದು ಅನ್ಯಾಯ ಮಾಡುತ್ತವೆ: ಮುಚ್ಚಿದ ಡಬ್ಬ ತೆಗೆಸಿ, ಬರಿಯ ಫಿಲ್ಟರನ್ನು ರೇಡಿಯೇಟರಿನ ಬಿಸಿಗಾಳಿ ಬಡಿಯುವ ಜಾಗದಲ್ಲಿ ಬೆತ್ತಲೆ ಬಿಡುತ್ತವೆ. ಹೆಸರಿಗೆ ಕೋಲ್ಡ್ ಏರ್. ಎಂಜಿನ್ನು ಕುಡಿಯುವುದು ಬಾನೆಟ್ ಅಡಿಯ ಝಳ.

ಹಾಗಾದರೆ ಯಾರಿಗೆ ಇದು ಬೇಕು, ಯಾರಿಗೆ ಬೇಡ? ಊಹೆಯ ಅಗತ್ಯವಿಲ್ಲ, ಅಳೆದು ತಿಳಿಯಬಹುದು. ಸ್ಟೀರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರು ಹಾಕಿದರೆ ಒಳಬರುವ ಗಾಳಿಯ ಉಷ್ಣತೆ ತೋರಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ ಅದನ್ನು ಹೊರಗಿನ ಉಷ್ಣತೆಯ ಜೊತೆ ಹೋಲಿಸಬೇಕು. ವ್ಯತ್ಯಾಸ ಆರೇಳು ಡಿಗ್ರಿಯಷ್ಟೇ ಇದ್ದರೆ ಕಂಪನಿಯವರು ತಮ್ಮ ಕೆಲಸ ಮಾಡಿದ್ದಾರೆ, ನಿಮಗೆ ಗಳಿಸಲು ಏನೂ ಉಳಿದಿಲ್ಲ. ಇಪ್ಪತ್ತು ಇಪ್ಪತ್ತೈದು ಡಿಗ್ರಿ ಇದ್ದರೆ ಮಾತ್ರ ಮುಂದಿನ ಯೋಚನೆ.

ಗಾಳಿಯ ದಾರಿ ಎಷ್ಟು ಇಕ್ಕಟ್ಟಾಗಿದೆ ಎಂಬುದನ್ನೂ ಹೀಗೇ ನೋಡಬಹುದು. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪಿನಂತೆ ಪಾರದರ್ಶಕ ನಳಿಗೆಯೊಂದನ್ನು ಯು ಆಕಾರದಲ್ಲಿ ನಿಲ್ಲಿಸಿ, ಕೆಳಭಾಗದಲ್ಲಿ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ದಾಟಿದ ಮೇಲಿನ ಹೋಸಿಗೆ ಜೋಡಿಸಬೇಕು. ಇನ್ನೊಂದು ತುದಿ ಬಯಲಿಗೆ. ಎಂಜಿನ್ನು ಪೂರ್ತಿ ಎಳೆಯುವಾಗ ಎರಡು ಕಡೆಯ ನೀರಿನ ಮಟ್ಟದ ಅಂತರವೇ ಫಿಲ್ಟರೂ ಡಬ್ಬವೂ ಒಡ್ಡಿದ ತಡೆ. ವಾತಾವರಣದ ಪೂರ್ತಿ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ. ಅಂತರ 25 ಸೆಂಟಿಮೀಟರ್ ಬಂದರೆ ನಷ್ಟ 2.5%ಕ್ಕಿಂತ ಕಡಿಮೆ, ಜಗತ್ತಿನ ಅತ್ಯುತ್ತಮ ಪೈಪು ಹಾಕಿದರೂ ಅದಕ್ಕಿಂತ ಹೆಚ್ಚು ವಾಪಸು ಬರಲಾರದು. ನಳಿಗೆಯ ಎರಡೂ ಕೈ ಒಂದು ಮೀಟರಿಗಿಂತ ಉದ್ದ ಇರಲಿ, ಇಲ್ಲವಾದರೆ ನೀರು ಎಂಜಿನ್ನಿಗೆ ಹೋದೀತು.

ಅಳೆದ ಮೇಲೂ ಮಾಡುವುದೇ ಸರಿ ಎಂದು ತೋರಿದರೆ ಡಬ್ಬದಿಂದ ಶುರುಮಾಡಬೇಕು. ಮೊದಲು ದಪ್ಪ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಬಾನೆಟ್ ಅಡಿ ಕೂರಿಸಿ ನೋಡಿ, ಆಮೇಲೆ ಅಲ್ಯೂಮಿನಿಯಂ ತಗಡಿಗೆ ಕೈಹಾಕುವುದು ಒಳ್ಳೆಯದು. ಡಬ್ಬದ ಮೇಲಂಚಿಗೆ ರಬ್ಬರ್ ಬೀಡಿಂಗ್ ಹಾಕಿದರೆ ಬಾನೆಟ್ ಮುಚ್ಚಿದಾಗ ಅದು ಒತ್ತಿಕೊಂಡು ಬಿಸಿಗಾಳಿಗೆ ಸಂದಿ ಬಿಡುವುದಿಲ್ಲ. ಹೊರಗಿನ ಗಾಳಿಗೆ ಬಿಡುವ ಕಿಂಡಿ ಪೈಪಿನ ಬಾಯಿಗಿಂತ ಚಿಕ್ಕದಿರಬಾರದು. ತಳದಲ್ಲಿ ನೀರು ಸೋರಿಹೋಗಲು ಸಣ್ಣ ತೂತು ಬೇಕು. ಫಿಲ್ಟರಿನ ಮೈ ಯಾವ ಗೋಡೆಗೂ ತಾಗಬಾರದು.

ಪೈಪು ಒಂದೇ ಗಟ್ಟಿ ತುಂಡಾಗಿರಬಾರದು. ಲೋಡಿನಲ್ಲಿ ಎಂಜಿನ್ನು ತನ್ನ ಮೌಂಟಿಂಗ್ ರಬ್ಬರಿನ ಮೇಲೆ ಅಲುಗುತ್ತದೆ, ಡಬ್ಬವಾದರೋ ಬಾಡಿಗೆ ಬಿಗಿದಿರುತ್ತದೆ. ನಡುವೆ ಬಾಗುವ ಸಿಲಿಕೋನ್ ಹೋಸಿನ ತುಂಡು ಇಲ್ಲದಿದ್ದರೆ ಕೆಲವು ತಿಂಗಳಲ್ಲಿ ಪೈಪು ಬಿರುಕು ಬಿಡುತ್ತದೆ, ಇಲ್ಲವೇ ಕ್ಲಾಂಪಿನಿಂದ ಜಾರುತ್ತದೆ. ಪೈಪಿನ ತುದಿಗೆ ಸಣ್ಣ ಉಬ್ಬು ಕಟ್ಟಿಸಿದರೆ ಹೋಸು ಜಾರದೆ ಕಚ್ಚಿಕೊಳ್ಳುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಒಳಗೆಲ್ಲ ತೊಳೆದು ಒಣಗಿಸಿದ ಮೇಲೆಯೇ ಜೋಡಿಸಬೇಕು. ಈ ಜಾಗ ಫಿಲ್ಟರಿನ ಆಚೆಗಿನದು. ಅಲ್ಲಿ ಉಳಿದ ಒಂದು ಲೋಹದ ಚೂರು ನೇರ ಸಿಲಿಂಡರಿಗೇ ಹೋಗುತ್ತದೆ. ಎಂಜಿನ್ನಿನ ಒಳಗಿನ ಎಣ್ಣೆಯ ಹಬೆ ಸಾಗಿಸುವ ಬ್ರೀದರ್ ಹೋಸನ್ನು ಮರೆಯದೆ ಹೊಸ ಪೈಪಿಗೆ ಕೂಡಿಸಬೇಕು. ಕೆಲವರು ಅದನ್ನು ಬಯಲಿಗೆ ಬಿಟ್ಟು ತುದಿಗೊಂದು ಪುಟ್ಟ ಫಿಲ್ಟರು ಸಿಕ್ಕಿಸುತ್ತಾರೆ. ಅದರಿಂದ ಎಣ್ಣೆಯ ಹಬೆ ಹೊರಗೆ ಹರಡುತ್ತದೆ, ಅಳತೆಗೆ ಸಿಗದ ಗಾಳಿಯೂ ಒಳಗೆ ನುಗ್ಗುತ್ತದೆ.

ಅಳತೆಗೆ ಸಿಗದ ಗಾಳಿ ಎಂದೆ. ಮನೆಯಲ್ಲಿ ಮಾಡಿದ ಇಂಟೇಕ್‌ಗಳು ಹೆಚ್ಚಾಗಿ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿಲ್ಟರಿಗೂ ಥ್ರಾಟಲಿಗೂ ನಡುವೆ ಮ್ಯಾಫ್ ಎಂಬ ಸೆನ್ಸರು ಕೂತಿರುತ್ತದೆ. ಅದರೊಳಗೆ ಕಾದ ಸಣ್ಣ ತಂತಿ. ಹಾದುಹೋಗುವ ಗಾಳಿ ಆ ತಂತಿಯನ್ನು ಆರಿಸುತ್ತದೆ. ಮತ್ತೆ ಕಾಯಿಸಲು ಎಷ್ಟು ಕರೆಂಟು ಬೇಕಾಯಿತು ಎಂಬುದರಿಂದ ಎಷ್ಟು ಗಾಳಿ ಹೋಯಿತೆಂದು ಕಂಪ್ಯೂಟರು ಲೆಕ್ಕ ಹಾಕಿ, ಅದಕ್ಕೆ ತಕ್ಕ ಪೆಟ್ರೋಲು ಬಿಡುತ್ತದೆ. ಆದರೆ ಆ ತಂತಿ ನೋಡುವುದು ಪೈಪಿನ ನಡುವಿನ ಒಂದು ಚಿಕ್ಕ ಜಾಗವನ್ನು. ಪೈಪಿನ ಅಗಲ ಇಂತಿಷ್ಟೇ ಎಂದು ಕಂಪನಿಯವರು ಮೊದಲೇ ಗಣಿತ ಬರೆದಿಟ್ಟಿರುತ್ತಾರೆ.

ಶೆವರ್ಲೆ ಸಿಲ್ವರಾಡೊ ಪಿಕಪ್ಪಿನ 5.3 ಲೀಟರ್ ವಿ8 ಎಂಜಿನ್ನನ್ನೇ ತೆಗೆದುಕೊಳ್ಳಿ. ಅದು 5,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 11,000 ಲೀಟರಿನಷ್ಟು ಗಾಳಿ ಎಳೆಯುತ್ತದೆ. 85 ಮಿಲಿಮೀಟರ್ ಅಗಲದ ಪೈಪಿನಲ್ಲಿ ಆ ಗಾಳಿಯ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ದಾರಿ ವಿಶಾಲವಾಗಲಿ ಎಂದು ಸೆನ್ಸರನ್ನು 100 ಮಿಲಿಮೀಟರ್ ಪೈಪಿಗೆ ಸಿಕ್ಕಿಸಿದರೆ ಅಷ್ಟೇ ಗಾಳಿ ಸುಮಾರು 86 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ತಂತಿಗೆ ಗಾಳಿ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾದಂತೆ ಕಾಣುತ್ತದೆ. ಕಂಪ್ಯೂಟರು ಪೆಟ್ರೋಲನ್ನು ಅಷ್ಟೇ ಕಡಿತ ಮಾಡುತ್ತದೆ. ನಿಧಾನ ಓಡಿಸುವಾಗ ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರು ಈ ತಪ್ಪನ್ನು ಗುರುತಿಸಿ ಒಂದು ಮಿತಿಯವರೆಗೆ ತಿದ್ದುತ್ತದೆ. ಮಿತಿ ದಾಟಿದರೆ ಚೆಕ್ ಎಂಜಿನ್ ದೀಪ ಹೊತ್ತುತ್ತದೆ, ಸ್ಕ್ಯಾನರಿನಲ್ಲಿ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ ಎಂಬ ಸಂಕೇತ ಬರುತ್ತದೆ. ಪೂರ್ತಿ ತುಳಿದಾಗ ಆ ತಿದ್ದುಪಡಿಯ ಕೆಲಸ ನಿಂತು ಎಂಜಿನ್ನು ಮ್ಯಾಫ್ ಹೇಳಿದ್ದನ್ನೇ ನಂಬಿ ನಡೆಯುತ್ತದೆ. ಭಾರಿ ಲೋಡು, ಏರುದಾರಿ, ಪೆಟ್ರೋಲು ಮಾತ್ರ ಕಮ್ಮಿ. ಪಿಸ್ಟನ್ ಕರಗುವುದು ಇಂಥ ಹೊತ್ತಿನಲ್ಲಿ.

ಪರಿಹಾರ ಕಷ್ಟದ್ದಲ್ಲ. ಸೆನ್ಸರು ಕೂರುವ ಜಾಗದಲ್ಲಿ ಪೈಪಿನ ಒಳ ಅಗಲ ಕಂಪನಿಯದ್ದೇ ಇರಬೇಕು. 2000ದ ಆಸುಪಾಸಿನ ಸಿಲ್ವರಾಡೊದಲ್ಲಿರುವಂತೆ ಸೆನ್ಸರು ತನ್ನದೇ ದುಂಡು ಕವಚದೊಂದಿಗೆ ಬಂದಿದ್ದರೆ ಇಡೀ ಕವಚವನ್ನೇ ಹೊಸ ಪೈಪಿನ ನಡುವೆ ಇಟ್ಟರಾಯಿತು. ಅದಕ್ಕೆ ಮುಂಚೆ ಒಂದಷ್ಟು ಉದ್ದ ನೆಟ್ಟಗಿನ ಪೈಪು ಇರಲಿ, ತಿರುವಿನ ಬೆನ್ನಿಗೇ ಸೆನ್ಸರು ಬಂದರೆ ಸುಳಿಗಾಳಿಯಲ್ಲಿ ಅದರ ಅಳತೆ ತಪ್ಪುತ್ತದೆ. ಕವಚದ ಬಾಯಲ್ಲಿ ಜೇನುಗೂಡಿನಂಥ ಜಾಲರಿ ಇದ್ದರೆ ಗಾಳಿಗೆ ಅಡ್ಡಿಯೆಂದು ಕಿತ್ತೆಸೆಯಬೇಡಿ. ಗಾಳಿಯನ್ನು ನೇರ ಮಾಡುವುದೇ ಅದರ ಕೆಲಸ.

ಇನ್ನು ಧೂಳು. ಕಲ್ಲುಪುಡಿಯ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೊಂದು ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವಿನ ಎಣ್ಣೆಪದರದಲ್ಲಿ ಸೇರಿಕೊಂಡರೆ ಎರಡನ್ನೂ ತೇಯುತ್ತದೆ. ಎಂಜಿನ್ನು ಆಯಿಲ್ ತಿನ್ನುವುದು, ನೀಲಿ ಹೊಗೆ ಉಗುಳುವುದು, ಕೊನೆಗೆ ಬೋರ್ ಮಾಡಿಸುವುದು, ಎಲ್ಲವೂ ಇದರ ಹಿಂದೆಯೇ ಬರುತ್ತವೆ. ಫಿಲ್ಟರಿನ ಲೆಕ್ಕವನ್ನು ಹಿಡಿದದ್ದರಿಂದ ಅಲ್ಲ, ಬಿಟ್ಟದ್ದರಿಂದ ನೋಡಬೇಕು. 99% ಧೂಳು ಹಿಡಿಯುವ ಫಿಲ್ಟರಿಗೂ 97% ಹಿಡಿಯುವುದಕ್ಕೂ ವ್ಯತ್ಯಾಸ ಬರೀ ಎರಡೆಂದು ಕಾಣುತ್ತದೆ. ಎಂಜಿನ್ನಿಗೆ ಹೋಗುವ ಧೂಳು ಮೂರುಪಟ್ಟು. ಫಿಲ್ಟರು ಕೊಳ್ಳುವಾಗ ಧೂಳು ಹಿಡಿಯುವ ಸಾಮರ್ಥ್ಯ ಅಳೆಯುವ ಐಎಸ್‌ಒ 5011 ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದಾರೆಯೇ ಎಂದು ಕೇಳಿ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ 1969ರಲ್ಲಿ ಶುರುವಾದ ಕೆ ಅಂಡ್ ಎನ್ ಕಂಪನಿ ಜನಪ್ರಿಯಗೊಳಿಸಿದ, ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರನ್ನು ತೊಳೆದು ಮತ್ತೆ ಮತ್ತೆ ಬಳಸಬಹುದು. ತೊಳೆದ ಮೇಲೆ ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ, ಜಾಸ್ತಿಯಾದರೆ ಹಾರಿಹೋಗಿ ಮ್ಯಾಫ್ ತಂತಿಗೆ ಮೆತ್ತುತ್ತದೆ. ಕಾಗದದ ಫಿಲ್ಟರಿನಲ್ಲಿ ಈ ತಾಪತ್ರಯವಿಲ್ಲ. ಮೇಲಾಗಿ ಅದು ಸ್ವಲ್ಪ ಧೂಳು ಹಿಡಿದ ಮೇಲೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಸರ್ವಿಸಿಗೆ ಬಂದ ಫಿಲ್ಟರನ್ನು ಟಯರಿಗೆ ಬಡಿದು, ಜೋರಾಗಿ ಏರ್ ಹೊಡೆದು ಮತ್ತೆ ಹಾಕುವ ಪದ್ಧತಿ ಇದೆಯಲ್ಲ, ಅದು ಕಾಗದದಲ್ಲಿ ಸೂಕ್ಷ್ಮ ತೂತು ಮಾಡುತ್ತದೆ. ದಯವಿಟ್ಟು ಮಾಡಿಸಬೇಡಿ.

ಹೊಸ ಜೋಡಣೆಯಾದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ, ಫಿಲ್ಟರ್ ದಾಟಿದ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸಂದಿ ಇದೆ, ಅದು ಸಿಗುವವರೆಗೆ ಗಾಡಿ ಓಡಿಸುವುದು ಬೇಡ.

ಈಗ ನಮ್ಮ ರಸ್ತೆಗೆ ಬರೋಣ. ಬೊಲೆರೊ ಪಿಕಪ್, ಟಾಟಾ ಯೋಧ, ವಿ-ಕ್ರಾಸ್, ಹೈಲಕ್ಸ್, ಇಲ್ಲಿ ಕಾಣುವ ಪಿಕಪ್‌ಗಳು ಹೆಚ್ಚಾಗಿ ಟರ್ಬೊ ಡೀಸೆಲ್. ಅಮೆರಿಕದ ಪೆಟ್ರೋಲ್ ಪಿಕಪ್ಪಿನ ಲೆಕ್ಕ ಇವಕ್ಕೆ ಹೊಂದುವುದಿಲ್ಲ. ಡೀಸೆಲ್ ಎಂಜಿನ್ನು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುತ್ತದೆ. ಶಕ್ತಿ ನಿರ್ಧಾರವಾಗುವುದು ಬಿಡುವ ಡೀಸೆಲಿನಿಂದ. ಟರ್ಬೊ ಅದುಮಿದಾಗ ಗಾಳಿ ಹೇಗೂ 100 ಡಿಗ್ರಿ ದಾಟುತ್ತದೆ, ಆಮೇಲೆ ಇಂಟರ್‌ಕೂಲರು ಅದನ್ನು ಆರಿಸುತ್ತದೆ. ಟರ್ಬೊಗಿಂತ ಮುಂಚೆ ಗಾಳಿಯನ್ನು ಹತ್ತು ಡಿಗ್ರಿ ತಣ್ಣಗೆ ಮಾಡಿದ್ದರ ಫಲ ಕೊನೆಗೆ ಬಹಳ ಸಣ್ಣದು. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ಕವಾಟವೂ ಮ್ಯಾಫ್ ಸೆನ್ಸರಿನ ಅಳತೆಯಂತೆ ನಡೆಯುತ್ತದೆ. ಪೈಪು ಬದಲಿಸಿ ಅದರ ಅಳತೆ ಕೆಡಿಸಿದರೆ ಹೊಗೆ ಹೆಚ್ಚುತ್ತದೆ, ಗಾಡಿ ಎಳೆಯುವುದನ್ನೇ ಬಿಡಬಹುದು. ಫಿಲ್ಟರಿಗೂ ಟರ್ಬೊಗೂ ನಡುವೆ ಒಂದು ಕ್ಲಾಂಪು ಸಡಿಲವಾದರೆ ಸಾಕು, ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ ಚಕ್ರದ ಅಲಗುಗಳನ್ನು ಧೂಳು ಸವೆಸಿಬಿಡುತ್ತದೆ. ಸಂಡೂರಿನ ಅದಿರು ದಾರಿಯಲ್ಲೋ ಕ್ವಾರಿಯ ಜಲ್ಲಿಪುಡಿಯಲ್ಲೋ ದುಡಿಯುವ ಗಾಡಿಗೆ ಇದು ಉಳಿಗಾಲವಿಲ್ಲದ ಏಟು.

ಮಳೆಗಾಲದ ಮಾತು ಬೇರೆ. ಮಡ್‌ಗಾರ್ಡಿನ ಒಳಗೆ, ಬಂಪರಿನ ಹತ್ತಿರ ಕೆಳಗೆ ಫಿಲ್ಟರು ಇಳಿಬಿಟ್ಟರೆ ಗಾಳಿ ನಿಜವಾಗಿಯೂ ತಣ್ಣಗಿರುತ್ತದೆ. ಆದರೆ ಮಲೆನಾಡಿನ ಹಳ್ಳದಲ್ಲೋ ಬೆಂಗಳೂರಿನ ಅಂಡರ್‌ಪಾಸಿನಲ್ಲೋ ಆ ಮಟ್ಟಕ್ಕೆ ನೀರು ಬಂದರೆ ಫಿಲ್ಟರು ನೀರನ್ನೇ ಎಳೆಯುತ್ತದೆ. ಅದುಮಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲೇರಿದ ಪಿಸ್ಟನ್ ಅಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ತೆಗೆದುಕೊಂಡಿರದಿದ್ದರೆ ಸಾಮಾನ್ಯ ವಿಮೆಯಲ್ಲಿ ಈ ನಷ್ಟಕ್ಕೆ ಹಣ ಸಿಗುವುದು ಕಷ್ಟ.

ಕಾನೂನಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಿಟ್ ಹಾಕಬೇಕಾದರೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ವಿನಾಯಿತಿ ಸಂಖ್ಯೆ ಅದಕ್ಕಿರಬೇಕು. ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲಾಗುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಆ ಸಂಖ್ಯೆ ಎಲ್ಲಿಂದ ಬರಬೇಕು? ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದೆ ಬಿಡಿಭಾಗ ಅಳವಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ಒಂದು ಪೈಪು ಇದರೊಳಗೆ ಬರುತ್ತದೆಯೇ ಎಂದು ರಸ್ತೆಬದಿಯಲ್ಲಿ ನಿಂತು ವಾದಿಸುವ ಪರಿಸ್ಥಿತಿ ತಂದುಕೊಳ್ಳದಿರುವುದು ಜಾಣತನ. ವಾರಂಟಿ ಇರುವ ಗಾಡಿಯಾದರೆ ಎಂಜಿನ್ ತಕರಾರು ಬಂದಾಗ ಸರ್ವಿಸ್ ಸೆಂಟರಿನವರು ಮೊದಲು ಬೊಟ್ಟು ಮಾಡುವುದೂ ಈ ಪೈಪಿನ ಕಡೆಗೇ.

ನನ್ನ ತೀರ್ಮಾನ ಇಷ್ಟು. ಟೆಕ್ಸಾಸಿನಲ್ಲೋ ಅರಿಜೋನಾದಲ್ಲೋ ಇರುವ, ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಪಿಕಪ್ಪಿಗೆ, ಅಳೆದು ನೋಡಿ, ಮುಚ್ಚಿದ ಡಬ್ಬದೊಂದಿಗೆ, ಸೆನ್ಸರಿನ ಅಳತೆ ಕೆಡಿಸದೆ ಮಾಡಿದರೆ ಇದು ಒಳ್ಳೆಯ ಕೆಲಸ. ಮಾಡುವವನಿಗೆ ತನ್ನ ಎಂಜಿನ್ನಿನ ಪರಿಚಯವೂ ಆಗುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಪಿಕಪ್ ಇಟ್ಟುಕೊಂಡು ದುಡಿಯುವವರು ಆ ಹಣವನ್ನು ಕಂಪನಿಯ ಅಸಲಿ ಫಿಲ್ಟರಿಗೆ, ಹೊಸ ಹೋಸಿಗೆ, ಗಟ್ಟಿ ಕ್ಲಾಂಪಿಗೆ ಹಾಕಲಿ. ಈ ವಾರ ಗಾಡಿ ಗ್ಯಾರೇಜಿಗೆ ಹೋದರೆ ಏರ್ ಫಿಲ್ಟರಿನ ಡಬ್ಬ ತೆಗೆಸಿ, ಫಿಲ್ಟರಿನ ರಬ್ಬರ್ ಅಂಚು ಎಲ್ಲ ಕಡೆ ಸರಿಯಾಗಿ ಕೂತಿದೆಯೇ, ಡಬ್ಬದ ಕ್ಲಿಪ್ಪುಗಳು ಒಂದೂ ಮುರಿದಿಲ್ಲವೇ ಎಂದು ಎದುರಲ್ಲೇ ನಿಂತು ನೋಡಿ.